ಅಪ್‌ಡೇಟ್: ಹೊಂಡದ ಅನುದಾನ ಎರಡನೇ ಸಲಕ್ಕೆ ಸಿಕ್ಕಿತು

ಹಾಳುಬಿದ್ದ ಹೊಂಡವೊಂದನ್ನು ಕಪ್ಪೆ, ಏರೋಪ್ಲೇನ್ ಚಿಟ್ಟೆಗಳಿಗೆ ಮತ್ತೆ ನೆಲೆಯಾಗಿಸಬೇಕು, ಆದರೆ ಅನುದಾನದ ಅರ್ಜಿ ತಿರಸ್ಕಾರವಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ, ನೆನಪಿದೆಯಾ? ಈ ಸಲ ಸಿಕ್ಕಿತು! ಕೇಳಿದ್ದರಲ್ಲಿ ಅರ್ಧ ಮಾತ್ರ, ಇರಲಿ.

ಮೊದಲ ಅರ್ಜಿಯಲ್ಲಿ ಸುಮ್ನೆ ‘ಜೀವವೈವಿಧ್ಯ ಹೆಚ್ಚಿಸುತ್ತೇವೆ’ ಅಂತ ಬರೆದಿದ್ದೆವು. ಈಗ ಎಷ್ಟಿದೆ ಅನ್ನೋದೇ ಅದರಲ್ಲಿ ಇರಲಿಲ್ಲ. ನೀವು ಹೇಳಿದಂತೆ ಮೊದಲು ಎಣಿಕೆಗೆ ಕೂತೆವು. ಕತ್ತಲಾದ ಮೇಲೆ ಕಪ್ಪೆಗಳ ಕೂಗು ಕೇಳಿ ಬರೆದುಕೊಂಡೆವು. ಬಿಸಿಲು ಹೊತ್ತಿನಲ್ಲಿ ಏರೋಪ್ಲೇನ್ ಚಿಟ್ಟೆ ಎಣಿಸಿದೆವು. ಪ್ರತಿ ತಿಂಗಳು ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದೆವು. ಮೀನು ಬಿಡುವ ಯೋಚನೆಯನ್ನೂ ಬಿಟ್ಟೆವು. ಮೀನುಗಳು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನು ತಿಂದುಬಿಡುತ್ತವೆ. ಇದು ನಮಗೆ ಹೊಳೆದೇ ಇರಲಿಲ್ಲ, ಸ್ವಲ್ಪ ನಾಚಿಕೆಯೇ ಆಯಿತು.

ಜಾಗದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು. ನಮ್ಮ ಪಾಲಿನ ಹಣಕ್ಕೆ ಬದಲಾಗಿ ಸ್ವಯಂಸೇವಕರು ದುಡಿಯುವ ಗಂಟೆಗಳನ್ನು ತೋರಿಸಿದೆವು, ಅದನ್ನು ಅನುದಾನ ಕೊಡುವವರು ಒಪ್ಪಿಕೊಂಡರು. ಗಿಡ ನೆಡುವ ಖರ್ಚಿನ ಜೊತೆಗೆ 3 ವರ್ಷ ಕಳೆ ಕೀಳುವ ಖರ್ಚನ್ನೂ ಸೇರಿಸಿದ್ದು ಅವರಿಗೆ ಜಾಸ್ತಿ ಹಿಡಿಸಿತಂತೆ.

ಒಂದೇ ತಲೆನೋವು. ಹಣ ಮುಂಗಡವಾಗಿ ಬರುವುದಿಲ್ಲ. ಕೆಲಸ ಮುಗಿಸಿ ಬಿಲ್ ಕೊಟ್ಟ ಮೇಲೆ ಕಂತುಗಳಲ್ಲಿ ಬರುತ್ತದೆ. ಷರತ್ತುಗಳಲ್ಲಿ ಮೊದಲೇ ಬರೆದಿತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಸದ್ಯಕ್ಕೆ ಕೆಲಸವನ್ನು ತುಂಡು ಮಾಡಿಕೊಂಡಿದ್ದೇವೆ: ಮೊದಲು ಕಳೆ ತೆಗೆಯುವುದು, ಆ ಕಂತು ಬಂದ ಮೇಲೆ ದಡಕ್ಕೆ ಇಳಿಜಾರು ಕೊಡುವುದು. ಹಕ್ಕಿಗಳು ಗೂಡು ಕಟ್ಟುವ ಕಾಲ ಮುಗಿಯುವವರೆಗೆ ಪೊದೆಗಳನ್ನು ಮುಟ್ಟುವುದಿಲ್ಲ.