ಉಬುಂಟು ಡಿಲೀಟ್ ಮಾಡಿದ ಮೇಲೆ ವಿಂಡೋಸೂ ಬರುತ್ತಿಲ್ಲ, ಸಹಾಯ ಮಾಡಿ

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಹಳೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಜೊತೆ ಉಬುಂಟು (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇತ್ತು. ಜಾಗ ಸಾಲಲಿಲ್ಲ ಅಂತ ನಿನ್ನೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟು ಪಾರ್ಟಿಷನ್ (ಡಿಸ್ಕ್‌ನಲ್ಲಿ ಅದಕ್ಕಿದ್ದ ಭಾಗ) ತೆಗೆದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ ಮೇಲೆ ‘ಗ್ರಬ್ ರೆಸ್ಕ್ಯೂ’ ಅಂತ ಬಂದು ನಿಲ್ಲುತ್ತದೆ. ಕಾಫಿ ಕೊಯ್ಲಿನ ಕೂಲಿ ಲೆಕ್ಕ ಪೂರ್ತಿ ಅದರಲ್ಲೇ ಇದೆ, ಶನಿವಾರ ಬಟವಾಡೆ. ಎಲ್ಲಾ ಹೋಯಿತಾ?

ಉತ್ತರ (ಹಾಸನದಿಂದ):
ಗಾಬರಿ ಬೇಡ, ಲೆಕ್ಕ ಹಾಗೇ ಇರುತ್ತದೆ. ಕಂಪ್ಯೂಟರ್ ಆನ್ ಆದಾಗ ಮೊದಲು ಏಳುವುದು ಗ್ರಬ್, ಅಂದರೆ ಉಬುಂಟು ಜೊತೆ ಬಂದ, ಸಿಸ್ಟಂ ಶುರು ಮಾಡಿಸುವ ಪುಟ್ಟ ಪ್ರೋಗ್ರಾಂ. ಅದರ ಉಳಿದ ಫೈಲ್‌ಗಳೆಲ್ಲ ನೀವು ತೆಗೆದ ಪಾರ್ಟಿಷನ್‌ನಲ್ಲಿದ್ದವು, ಅವು ಸಿಗದೆ ಅದು ಅಲ್ಲೇ ನಿಂತಿದೆ ಅಷ್ಟೇ. ಬೂಟ್ ಮೆನುವಿನಲ್ಲಿ (ಯಾವುದರಿಂದ ಶುರು ಮಾಡಬೇಕೆಂದು ಆರಿಸುವ ಪಟ್ಟಿ) ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಾಣುತ್ತದಾ ನೋಡಿ. ಕಂಡರೆ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಅದನ್ನೇ ಮೊದಲು ಇಡಿ, ಸಾಕು.

ಪ್ರಶ್ನೆ ಕೇಳಿದವರು:
ಇಲ್ಲ, ಹಾರ್ಡ್ ಡಿಸ್ಕ್ ಹೆಸರು ಮಾತ್ರ ಇದೆ.

ಉತ್ತರ (ಬೇಲೂರಿನಿಂದ):
ಹಾಗಾದರೆ ಹಳೇ ಎಂಬಿಆರ್ ಪದ್ಧತಿ, ಅದರಲ್ಲಿ ಸಿಸ್ಟಂ ಶುರು ಮಾಡುವ ಬೂಟ್ ಕೋಡ್ ಡಿಸ್ಕ್‌ನ ತೀರಾ ಮೊದಲಲ್ಲೇ ಇರುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಸೆಟಪ್ ಹಾಕಿಕೊಂಡು, ನಿಮ್ಮ ಕಂಪ್ಯೂಟರನ್ನು ಅದರಿಂದ ಬೂಟ್ (ಶುರು) ಮಾಡಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸುತ್ತದೆ, ಖಾಲಿಯದು ತಗೊಳ್ಳಿ. ‘ಇನ್‌ಸ್ಟಾಲ್’ ಒತ್ತಲೇಬೇಡಿ, ಕೆಳಗೆ ‘ರಿಪೇರ್’ ಇದೆ ಅಲ್ವಾ, ಅಲ್ಲಿಂದ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಕಮಾಂಡ್ ಕೊಡಿ. ಇದು ಗ್ರಬ್ ಜಾಗಕ್ಕೆ ವಿಂಡೋಸ್‌ನ ಬೂಟ್ ಕೋಡ್ ಬರೆಯುತ್ತದೆ, ಪಾರ್ಟಿಷನ್ ಪಟ್ಟಿ ಮುಟ್ಟುವುದಿಲ್ಲ. ಅಂಗಡಿಗೆ ಒಯ್ದರೂ ಸುಮ್ನೆ ಫಾರ್ಮ್ಯಾಟ್ ಮಾಡೋಕೆ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಬಂತು ಸಾರ್! ಲೆಕ್ಕದ ಫೈಲ್ ಇದೆ, ಈಗಲೇ ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿಕೊಳ್ಳುತ್ತಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.