ಕನ್ನಡ ಮಾಧ್ಯಮದಲ್ಲಿ ಓದಿದವರು ಸಾಮಾನ್ಯ ಇಂಗ್ಲಿಷ್ ವಿಭಾಗಕ್ಕೆ ಅಭ್ಯಾಸ ಮಾಡಬೇಕಾದ ಬಗೆ ಯಾವುದು?

ಪ್ರಶ್ನೆ — ಜಗಳೂರಿನ ಅಭ್ಯರ್ಥಿ

ಹಿರಿಯರಿಗೂ ನನ್ನಂತೆಯೇ ಓದುತ್ತಿರುವ ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರವಳು. ಒಂದನೇ ತರಗತಿಯಿಂದ ಬಿ.ಎ. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿ, ಈಗ ದಾವಣಗೆರೆಯಲ್ಲಿ ಇಬ್ಬರು ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದು ಗ್ರೂಪ್ ಸಿ ಹುದ್ದೆಗಳ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. 2024ರ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30 ಅಂಕಗಳಿದ್ದವು. ಅಂಥ ಪತ್ರಿಕೆಗಳನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿದಾಗ ಕನ್ನಡದಲ್ಲಿ ಮೂವತ್ತಕ್ಕೆ ಕಡಿಮೆ ಬಂದದ್ದಿಲ್ಲ, ಇಂಗ್ಲಿಷಿನಲ್ಲಿ ಹದಿನೈದನ್ನು ದಾಟಿದ್ದಿಲ್ಲ.

ನಾನು ಓದದೆ ಇರುವವಳಲ್ಲ. ವ್ಯಾಕರಣದ ದಪ್ಪ ಪುಸ್ತಕವೊಂದನ್ನು ಮೂರು ಬಾರಿ ಮುಗಿಸಿದ್ದೇನೆ, ಹನ್ನೆರಡು ಕಾಲಗಳ ಪಟ್ಟಿಯನ್ನು ಕಣ್ಣುಮುಚ್ಚಿ ಹೇಳಬಲ್ಲೆ. ಆದರೂ ಮೊನ್ನೆ ತಪ್ಪು ಗುರುತಿಸುವ ಪ್ರಶ್ನೆಯೊಂದರಲ್ಲಿ ‘ಹೀ ಈಸ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯವನ್ನು ನಾಲ್ಕು ಬಾರಿ ಓದಿ, ‘ತಪ್ಪಿಲ್ಲ’ ಎಂದೇ ಗುರುತು ಹಾಕಿದೆ. ಕೀ ಉತ್ತರ ನೋಡಿದ ಮೇಲೂ ಆ ವಾಕ್ಯ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತಿತ್ತು. ತರಬೇತಿ ಕೇಂದ್ರವೊಂದರಲ್ಲಿ ಕೇಳಿದರೆ ‘ಮೊದಲು ಕನ್ನಡವನ್ನು ಮರೆತು ಇಂಗ್ಲಿಷಿನಲ್ಲಿಯೇ ಯೋಚಿಸಲು ಕಲಿಯಿರಿ’ ಎಂದರು. ಇಪ್ಪತ್ತಮೂರು ವರ್ಷ ಕನ್ನಡದಲ್ಲಿಯೇ ಯೋಚಿಸಿದವಳು ಆರು ತಿಂಗಳಲ್ಲಿ ಅದನ್ನು ಮರೆಯುವುದು ಹೇಗೆ? ದಯವಿಟ್ಟು ದಾರಿ ತಿಳಿದವರು ಹೇಳಬೇಕು.

ಉತ್ತರ 1 — ನಿವೃತ್ತ ಇಂಗ್ಲಿಷ್ ಶಿಕ್ಷಕ, ಚಿತ್ರದುರ್ಗ

ತಾಯಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ: ಕನ್ನಡವನ್ನು ಮರೆಯಬೇಕಾಗಿಲ್ಲ, ಮರೆಯಲೂಬಾರದು. ನೀವು ಮಾಡುವ ತಪ್ಪುಗಳಲ್ಲಿ ಬಹುಪಾಲು ಎಲ್ಲಿಂದ ಬರುತ್ತವೆ ಎಂಬುದನ್ನು ಕನ್ನಡವೇ ನಿಮಗೆ ತೋರಿಸಿಕೊಡುತ್ತದೆ.

ನೀವು ಕೊಟ್ಟ ವಾಕ್ಯವನ್ನೇ ನೋಡೋಣ. ‘ಅವನು ಐದು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದ್ದಾನೆ’ ಎಂಬುದು ಅಚ್ಚುಕಟ್ಟಾದ ಕನ್ನಡ ವಾಕ್ಯ. ನಮ್ಮಲ್ಲಿ ‘2019ರಿಂದ’ ಎನ್ನುವಾಗಲೂ ‘ಐದು ವರ್ಷಗಳಿಂದ’ ಎನ್ನುವಾಗಲೂ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು; ಇಂಗ್ಲಿಷಿನಲ್ಲಿ ಕೆಲಸ ಶುರುವಾದ ಗಳಿಗೆಯನ್ನು ಹೇಳಲು ‘ಸಿನ್ಸ್’, ಕಳೆದ ಅವಧಿಯನ್ನು ಹೇಳಲು ‘ಫಾರ್’ ಎಂದು ಎರಡು ಪದಗಳಿವೆ. ಹಾಗೆಯೇ ನಮ್ಮ ‘ಮಾಡುತ್ತಿದ್ದಾನೆ’ ಈ ಕ್ಷಣದ ಕೆಲಸಕ್ಕೂ ಐದು ವರ್ಷದಿಂದ ನಡೆದು ಬಂದ ಕೆಲಸಕ್ಕೂ ಒಗ್ಗುತ್ತದೆ, ಅವರಿಗೆ ಎರಡನೆಯದಕ್ಕೆ ‘ಹ್ಯಾಸ್ ಬೀನ್ ವರ್ಕಿಂಗ್’ ಬೇಕು. ಆ ವಾಕ್ಯ ನಿಮಗೆ ಸರಿ ಎನ್ನಿಸಿದ್ದು ಅದು ಪದಕ್ಕೆ ಪದ ಕನ್ನಡವಾಗಿರುವುದರಿಂದಲೇ. ಪಟ್ಟಿಯನ್ನು ಮೂವತ್ತು ಸಲ ಬಾಯಿಪಾಠ ಮಾಡಿದರೂ ಈ ಕಾರಣ ತಿಳಿಯದಿದ್ದರೆ ತಪ್ಪು ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಪ್ರತಿ ತಪ್ಪಿಗೂ ಅರ್ಧ ಪುಟ ಬಿಟ್ಟು, ಮೊದಲು ನಿಮ್ಮ ತಪ್ಪು ವಾಕ್ಯ, ಅದರ ಕೆಳಗೆ ನಿಮ್ಮ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ, ಅದರ ಕೆಳಗೆ ಸರಿಯಾದ ವಾಕ್ಯ, ಕೊನೆಗೆ ಯಾವ ಕನ್ನಡ ಪ್ರತ್ಯಯ ಅಥವಾ ಪದ ನಿಮ್ಮನ್ನು ಅತ್ತ ಎಳೆಯಿತು ಎಂಬುದನ್ನು ಬರೆಯಿರಿ. ‘ಡಿಸ್ಕಸ್ ಅಬೌಟ್’ ಎಂದು ಬರೆದಿದ್ದರೆ ಎಳೆದದ್ದು ‘ಬಗ್ಗೆ’. ಅಲ್ಲಿ ‘ಅಬೌಟ್’ ಬೇಕಾಗಿಲ್ಲ. ‘ಸುಪೀರಿಯರ್ ದ್ಯಾನ್’ ಎಂದಿದ್ದರೆ ಎಳೆದದ್ದು ‘ಗಿಂತ’. ಅಲ್ಲಿ ‘ಟು’ ಬರಬೇಕು. ‘ಮ್ಯಾರೀಡ್ ವಿತ್’ ಎಂದಿದ್ದರೆ ‘ಜೊತೆ’, ಅಲ್ಲಿಯೂ ‘ಟು’ವೇ. ಪುಟಗಳು ತುಂಬಿದಂತೆ ಹತ್ತಾರು ಪ್ರತ್ಯಯಗಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ನೀವೇ ಗಮನಿಸುತ್ತೀರಿ.

ಕನ್ನಡ ನೆರವಿಗೆ ಬರುವ ಕಡೆಗಳೂ ಕಡಿಮೆಯಿಲ್ಲ. ‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆಯುವ ವಿದ್ಯಾರ್ಥಿಗೆ ‘ನನ್ನ ಸ್ನೇಹಿತರಲ್ಲಿ ಒಬ್ಬ ಬಂದಿದ್ದಾನೆ’ ಎಂದು ಹೇಳಿಸಿ ನೋಡುತ್ತಿದ್ದೆ: ‘ಸ್ನೇಹಿತರು’ ಬಹುವಚನ, ‘ಬಂದಿದ್ದಾನೆ’ ಏಕವಚನ. ಇಂಗ್ಲಿಷಿನ ನಿಯಮವೂ ಅದೇ. ‘ಮಳೆ ಬಂದರೆ ನಾನು ಬರುವುದಿಲ್ಲ’ ಎನ್ನುವಾಗ ಮೊದಲ ಭಾಗದಲ್ಲಿ ನಾವು ಭವಿಷ್ಯತ್ತನ್ನು ಹೇಳುವುದಿಲ್ಲ, ಅವರೂ ‘ಇಫ್’ ಮುಂದೆ ‘ವಿಲ್’ ಹಾಕುವುದಿಲ್ಲ. ಕರ್ಮಣಿ ಪ್ರಯೋಗಕ್ಕೆ ಹೆದರುವವರು ತಾವು ದಿನವೂ ನೋಡುವ ನೇಮಕಾತಿ ಅಧಿಸೂಚನೆಯನ್ನೇ ನೆನೆಯಲಿ: ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’. ಆಹ್ವಾನಿಸಿದವರು ಯಾರೆಂದು ಅಲ್ಲಿಲ್ಲ. ಅರ್ಜಿಗಳೇ ಮುಂದೆ ನಿಂತಿವೆ.

ಇನ್ನು ‘ಎ’ ಮತ್ತು ‘ಆ್ಯನ್’. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಸ್ವರಾಕ್ಷರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಅವರ್, ಆನೆಸ್ಟ್, ಎಂ.ಎಲ್.ಎ. ಇವೆಲ್ಲ ಸ್ವರ, ಯೂನಿವರ್ಸಿಟಿ, ಯುರೋಪಿಯನ್ ಇವು ಯಕಾರ. ಇಂಗ್ಲಿಷ್ ಕಾಗುಣಿತ ಮೋಸ ಮಾಡುವ ಕಡೆಯಲ್ಲಿ ನಮ್ಮ ಲಿಪಿ ಮೋಸ ಮಾಡುವುದಿಲ್ಲ, ಏಕೆಂದರೆ ನಿಯಮ ನಿಂತಿರುವುದು ಉಚ್ಚಾರಣೆಯ ಮೇಲೆ. ಎಚ್ಚರ ಬೇಕಾದ ಪದ ಒಂದಿದೆ: ನಾವು ‘ಒನ್’ ಎಂದು ಬರೆಯುವ ಪದ ಅವರ ಬಾಯಲ್ಲಿ ‘ವನ್’. ಆದ್ದರಿಂದ ‘ಒನ್ ರುಪೀ ನೋಟ್’ ಎನ್ನುವುದಕ್ಕೆ ಮೊದಲು ಬರುವುದು ‘ಎ’.

ಉತ್ತರ 2 — ಬ್ಯಾಂಕ್ ಗುಮಾಸ್ತ, ಹರಿಹರ

ಮೇಷ್ಟ್ರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಪರೀಕ್ಷಾ ಕೊಠಡಿಯಲ್ಲಿ ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಂದು ನೋಡುವಷ್ಟು ಸಮಯ ಸಿಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ನಾನು ಬರೆದ ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ 20 ನಿಮಿಷಕ್ಕೆ 30 ಇಂಗ್ಲಿಷ್ ಪ್ರಶ್ನೆಗಳು, ಅಂದರೆ ಒಂದಕ್ಕೆ 40 ಸೆಕೆಂಡು. ಉಳಿದ ವಿಭಾಗಗಳನ್ನು ಕನ್ನಡದಲ್ಲಿ ಬರೆಯಲು ಈಗ ಅವಕಾಶವಿದೆ. ಇಂಗ್ಲಿಷ್ ವಿಭಾಗಕ್ಕೆ ಮಾತ್ರ ಬೇರೆ ದಾರಿಯಿಲ್ಲ.

ತಂಗಿ, ನನಗೆ ನೆರವಾದದ್ದು ಓದು. ಬೆಳಿಗ್ಗೆ ‘ಪ್ರಜಾವಾಣಿ’ಯಲ್ಲಿ ಒಂದು ಸುದ್ದಿಯನ್ನು ಓದಿ, ಅದೇ ಸುದ್ದಿಯನ್ನು ಅದೇ ಸಂಸ್ಥೆಯ ‘ಡೆಕ್ಕನ್ ಹೆರಾಲ್ಡ್’ನಲ್ಲಿ ಹುಡುಕಿ ಓದುತ್ತಿದ್ದೆ. ವಿಷಯ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ನಿಘಂಟು ತೆರೆಯುವ ಮೊದಲೇ ಅರ್ಧ ಹೊಳೆಯುತ್ತದೆ. ದಿನಕ್ಕೆ ಐವತ್ತು ಪದಗಳ ಪಟ್ಟಿಯನ್ನು ಉರು ಹೊಡೆದ ತಿಂಗಳುಗಳಲ್ಲಿ ನನಗೆ ಉಳಿದದ್ದು ಬಹಳ ಕಡಿಮೆ. ಹೀಗೆ ದಿನಕ್ಕೆ ಏಳೆಂಟು ಪದಗಳನ್ನು ಅವು ಇದ್ದ ವಾಕ್ಯದೊಂದಿಗೆ ಬರೆದಿಟ್ಟುಕೊಂಡ ಮೇಲೆ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಸರಿಯಾದ ಪದ ತಾನಾಗಿಯೇ ನೆನಪಾಗತೊಡಗಿತು. ನಾವು ಕನ್ನಡದಲ್ಲಿ ದಿನವೂ ಬಳಸುವ ಇಂಗ್ಲಿಷ್ ಪದಗಳ ಬಗ್ಗೆ ಮಾತ್ರ ಹೆಚ್ಚು ಎಚ್ಚರವಿರಲಿ. ‘ಫರ್ನಿಚರ್ಸ್’, ‘ಇನ್ಫರ್ಮೇಷನ್ಸ್’ ಎಂದು ಬಹುವಚನ ಮಾಡುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಪ್ರಶ್ನೆಪತ್ರಿಕೆಯಲ್ಲಿ ಅವೇ ತಪ್ಪುಗಳು.

ಋಣಾತ್ಮಕ ಅಂಕವನ್ನೂ ಲೆಕ್ಕ ಹಾಕಿ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುವಾಗ, 30 ಪ್ರಶ್ನೆಗಳಿಗೆ ಉತ್ತರಿಸಿ 20 ಸರಿಯಾದರೆ ಕೈಗೆ ಬರುವುದು 17.5, 24ಕ್ಕೆ ಉತ್ತರಿಸಿ ಅದೇ 20 ಸರಿಯಾದರೆ 19. ಎರಡು ಆಯ್ಕೆಗಳನ್ನಾದರೂ ಖಚಿತವಾಗಿ ತೆಗೆದುಹಾಕಲು ಸಾಧ್ಯವಾದಾಗ ಮಾತ್ರ ಊಹೆಗೆ ಕೈ ಹಾಕಿ.

ಉತ್ತರ 3 — ನಿವೃತ್ತ ಇಂಗ್ಲಿಷ್ ಶಿಕ್ಷಕ, ಚಿತ್ರದುರ್ಗ

ಹರಿಹರದವರು ಹೇಳಿದ್ದು ಸರಿಯಾಗಿದೆ. ನೋಟ್‌ಬುಕ್ ಮನೆಯಲ್ಲಿ ಮಾಡುವ ಕೆಲಸ. ಕೊಠಡಿಯೊಳಗೆ ಅದರ ನೆನಪು ಮಾತ್ರ ಬರಬೇಕು. ಒಂದು ಪ್ರತ್ಯಯ ನಿಮ್ಮನ್ನು ಹತ್ತು ಸಲ ಎಳೆದದ್ದನ್ನು ನಿಮ್ಮ ಕೈಯಿಂದಲೇ ಬರೆದಿದ್ದರೆ, ಹನ್ನೊಂದನೆಯ ಸಲ ಆ ವಾಕ್ಯ ಎದುರಾದಾಗ ಕಣ್ಣು ತಾನೇ ಅಲ್ಲಿ ನಿಲ್ಲುತ್ತದೆ. ಅದಕ್ಕೆ 40 ಸೆಕೆಂಡು ಸಾಕು.

ಪ್ರತಿಕ್ರಿಯೆ — ಜಗಳೂರಿನ ಅಭ್ಯರ್ಥಿ

ಗುರುಗಳಿಗೂ ಅಣ್ಣನಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಪತ್ರಿಕೆಗಳಿಂದ ಈವರೆಗೆ 61 ತಪ್ಪುಗಳನ್ನು ನೋಟ್‌ಬುಕ್ಕಿಗೆ ಇಳಿಸಿದ್ದೇನೆ. ಅವುಗಳಲ್ಲಿ 17 ‘ಬಗ್ಗೆ’, ‘ಜೊತೆ’, ‘ಗಿಂತ’ ಮುಂತಾದವುಗಳಿಂದ ಬಂದವು, 13 ಎ, ಆ್ಯನ್, ದಿ ಕುರಿತವು, 9 ‘ಇಂದ’ ಮತ್ತು ಕಾಲಕ್ಕೆ ಸಂಬಂಧಿಸಿದವು, 14 ಪದದ ಅರ್ಥ ಗೊತ್ತಿಲ್ಲದೆ ಆದವು. ಇಂಗ್ಲಿಷ್ ಎಂದರೆ ಎಲ್ಲವೂ ಬರುವುದಿಲ್ಲ ಎಂದುಕೊಂಡಿದ್ದವಳಿಗೆ, ಬಾರದಿರುವುದು ಇಷ್ಟೇ ಎಂದು ಪುಟದ ಮೇಲೆ ನೋಡಿದ ದಿನ ರಾತ್ರಿ ನೆಮ್ಮದಿಯಾಗಿ ನಿದ್ರೆ ಬಂತು. ನಿನ್ನೆ ಬಿಡಿಸಿದ ಪತ್ರಿಕೆಯಲ್ಲಿ 21 ಅಂಕ ಬಂದಿದೆ.

ಉಳಿದ 8 ತಪ್ಪುಗಳೆಲ್ಲ ಒಂದೇ ಜಾತಿಯವು. ಒಬ್ಬರು ಹೇಳಿದ ಮಾತನ್ನು ನಮ್ಮ ಮಾತಿನಲ್ಲಿ ಹೇಳುವಾಗ ನಾನು ‘ಹೀ ಸೆಡ್ ದಟ್ ಐ ವಿಲ್ ಕಮ್ ಟುಮಾರೊ’ ಎಂದೇ ಬರೆಯುತ್ತಿದ್ದೇನೆ. ಎಳೆಯುತ್ತಿರುವ ಕನ್ನಡ ಪದ ‘ಎಂದು’ ಎಂಬುದು ಗೊತ್ತಾಗಿದೆ, ಆದರೆ ಅದರಿಂದ ಬಿಡಿಸಿಕೊಳ್ಳುವ ಉಪಾಯ ತಿಳಿಯುತ್ತಿಲ್ಲ.

ಉತ್ತರ 4 — ನಿವೃತ್ತ ಇಂಗ್ಲಿಷ್ ಶಿಕ್ಷಕ, ಚಿತ್ರದುರ್ಗ

ಕಾರಣವನ್ನು ನೀವೇ ಕಂಡುಕೊಂಡದ್ದು ಓದಿ ಬಹಳ ಸಂತೋಷವಾಯಿತು. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ‘ಎಂದು’ ಅವನ ಮಾತನ್ನು ಇದ್ದಂತೆಯೇ ಹಿಡಿದುಕೊಳ್ಳುತ್ತದೆ. ‘ಬರುತ್ತೇನೆ’ಯಲ್ಲಿರುವ ‘ನಾನು’ ಅವನೇ ಆಗಿ ಉಳಿಯುತ್ತಾನೆ. ಇಂಗ್ಲಿಷಿನಲ್ಲಿ ‘ದಟ್’ ಬಂದ ಮೇಲೆ ಹಾಗೆ ಉಳಿಯಲು ಎಡೆಯಿಲ್ಲ.

ಇದಕ್ಕೂ ಕನ್ನಡದಲ್ಲೇ ಉಪಾಯವಿದೆ. ಪತ್ರಿಕೆಯವರು ಬರೆಯುವ ರೀತಿಯನ್ನು ನೆನೆಯಿರಿ: ‘ಮರುದಿನ ಬರುವುದಾಗಿ ಅವರು ತಿಳಿಸಿದರು’. ‘ಬರುತ್ತೇನೆ ಎಂದು’ ಎಂಬುದು ‘ಬರುವುದಾಗಿ’ ಆದ ಕೂಡಲೇ ಅದರೊಳಗಿನ ‘ನಾನು’ ಹೋಯಿತು, ‘ನಾಳೆ’ ಇದ್ದದ್ದು ‘ಮರುದಿನ’ ಆಯಿತು. ನೇರ ಮಾತನ್ನು ಮೊದಲು ಈ ರೂಪಕ್ಕೆ ತಂದುಕೊಂಡು ಅನಂತರ ಇಂಗ್ಲಿಷಿಗೆ ಕೈ ಹಾಕಿದರೆ, ನೀವು ನೆನಪಿಟ್ಟುಕೊಳ್ಳಬೇಕಾದದ್ದು ‘ವಿಲ್’ ಎಂಬುದನ್ನು ‘ವುಡ್’ ಮಾಡುವುದೊಂದೇ: ‘ಹೀ ಸೆಡ್ ದಟ್ ಹೀ ವುಡ್ ಕಮ್ ದಿ ನೆಕ್ಸ್ಟ್ ಡೇ’. ನಿಮ್ಮ ಎಂಟು ವಾಕ್ಯಗಳನ್ನೂ ಹೀಗೆ ಎರಡು ಹೆಜ್ಜೆಯಲ್ಲಿ ತಿದ್ದಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.