ಅಪ್‌ಡೇಟ್: ದೊಡ್ಡ ಬ್ಯಾಟರಿಯೋ ಚಿಕ್ಕದೋ ಎಂಬ ಪ್ರಶ್ನೆ ಬಗೆಹರಿಯಿತು

ಹೆಚ್ಚು ಬೆಲೆ ತೆತ್ತು 75 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಬೇಕೇ, 60 ಯೂನಿಟ್‌ನದು ಸಾಕೇ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಚಿಕ್ಕದನ್ನೇ ಬುಕ್ ಮಾಡಿದ್ದೇನೆ. ಕಂಪನಿ ಘೋಷಿಸಿದ ರೇಂಜನ್ನು (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಬದಿಗಿಟ್ಟು, ಎರಡನ್ನೂ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ನೋಡಿ ಎಂದವರ ಸಲಹೆಯೇ ಫಲಿಸಿತು. ದೊಡ್ಡದು 100 ಕಿ.ಮೀ.ಗೆ 22 ಯೂನಿಟ್, ಚಿಕ್ಕದು 18 ಯೂನಿಟ್ ಬಳಸಿದ್ದರಿಂದ, ಲೆಕ್ಕ ಹಾಕಿದಾಗ ರೇಂಜ್‌ನಲ್ಲಿ ಹತ್ತು ಕಿಲೋಮೀಟರಿನಷ್ಟೂ ಅಂತರ ಉಳಿಯಲಿಲ್ಲ. ಎರಡೂ ಕಾರುಗಳ ಸೌಲಭ್ಯಗಳಿಗೆ ಅಂಕ ಕೊಟ್ಟು ಹೋಲಿಸುವ ಕೋಷ್ಟಕ ಮಾತ್ರ ಪ್ರಯೋಜನಕ್ಕೆ ಬರಲಿಲ್ಲ. ನನಗೆ ನಿಜಕ್ಕೂ ಅಚ್ಚರಿ ತಂದ ಸಂಗತಿಯೆಂದರೆ, ಫಾಸ್ಟ್ ಚಾರ್ಜಿಂಗ್‌ನ ಗರಿಷ್ಠ ಕಿಲೋವ್ಯಾಟ್ (ಚಾರ್ಜ್ ಆಗುವ ವೇಗ) ಕೆಲವೇ ನಿಮಿಷ ಸಿಗಬಹುದಾದ್ದರಿಂದ, ಬ್ಯಾಟರಿ ಶೇ. 10ರಿಂದ 80ಕ್ಕೆ ಚಾರ್ಜ್ ಆಗಲು ತಗಲುವ ಸಮಯವನ್ನೇ ಹೋಲಿಸಬೇಕು ಎಂಬುದು.